ಟ್ರೊಮ್ಸೊಗೆ ಹೊರಡುವ ಮುನ್ನ ತಿಂಗಳು ಆರಿಸಿ

ಜನವರಿ ಮಧ್ಯದಲ್ಲಿ ನಮ್ಮ ಮನೆಗಳಲ್ಲಿ ಎಳ್ಳು ಬೆಲ್ಲ ಬೀರುವ ಹೊತ್ತಿಗೆ ನಾರ್ವೆಯ ಉತ್ತರದ ಊರೊಂದು ಸೂರ್ಯನ ದಾರಿ ಕಾಯುತ್ತಿರುತ್ತದೆ. ನವೆಂಬರ್ 27ರ ಸುಮಾರಿಗೆ ಮುಳುಗಿದ ಸೂರ್ಯ ಲೆಕ್ಕದ ಪ್ರಕಾರ ಜನವರಿ 15ರ ಹೊತ್ತಿಗೆ ದಿಗಂತದಲ್ಲಿ ಇಣುಕಬೇಕು. ಆದರೆ ದಕ್ಷಿಣ ದಿಕ್ಕಿಗೆ ಬೆಟ್ಟಗಳು ಅಡ್ಡ. ಪೇಟೆಯವರಿಗೆ ಅವನ ಮುಖ ಕಾಣಲು ಇನ್ನೂ ಐದಾರು ದಿನ ಬೇಕು. ಜನವರಿ 21 ಅಲ್ಲಿ ‘ಸೂರ್ಯನ ದಿನ’. ಅಂದು ಬೇಕರಿಗಳ ಮುಂದೆ ಸಾಲು; ಶಾಲೆ, ಕಚೇರಿ, ಮನೆಗಳಲ್ಲೆಲ್ಲ ಸೂರ್ಯನ ಹೆಸರಿನ ಸಿಹಿ ಬನ್ನು ಹಂಚಿ ತಿನ್ನುತ್ತಾರೆ. ಸಂಕ್ರಾಂತಿಯ ಹೆಸರು ಕೇಳದ ಜನರೂ ಸಂಕ್ರಾಂತಿ ಮಾಡುವ ಬಗೆ ಇದು.

ಆ ಊರು ಟ್ರೊಮ್ಸೊ. ‘ಅರೋರಾ, ಅಂದರೆ ಧ್ರುವಪ್ರಭೆ, ನೋಡಬೇಕು’ ಎಂದು ಹೊರಡುವವರ ಪಟ್ಟಿಯಲ್ಲಿ ಈ ಹೆಸರು ಮೇಲೆಯೇ ಇರುತ್ತದೆ. ಆದರೆ ಟಿಕೆಟ್ ಕೊಳ್ಳುವ ಮುನ್ನ ಒಂದು ಮಾತು ತಿಳಿದಿರಲಿ. ವರ್ಷದಲ್ಲಿ ಟ್ರೊಮ್ಸೊ ಒಂದೇ ಊರಲ್ಲ, ನಾಲ್ಕು ಊರು. ಒಂದರಲ್ಲಿ ಸಿಗುವುದು ಇನ್ನೊಂದರಲ್ಲಿ ಸಿಗುವುದಿಲ್ಲ. ಜೂನ್‌ನಲ್ಲಿ ಹೋಗಿ ಅರೋರಾ ಕೇಳಿದರೆ ಹೋಟೆಲಿನವರು ನಗುತ್ತಾರೆ, ಡಿಸೆಂಬರ್‌ನಲ್ಲಿ ಹೋಗಿ ಸೂರ್ಯೋದಯ ಎಷ್ಟು ಗಂಟೆಗೆ ಎಂದರೂ ನಗುತ್ತಾರೆ. ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ, ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಧ್ರುವದ ಹತ್ತಿರ, ಆದರೂ ಹೆಪ್ಪುಗಟ್ಟದ ಬಂದರು

ಟ್ರೊಮ್ಸೊ ಇರುವುದು ಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕೆ. ಪೇಟೆಯ ಹೃದಯಭಾಗ ಒಂದು ಪುಟ್ಟ ದ್ವೀಪದ ಮೇಲಿದೆ. ಪೂರ್ವಕ್ಕೆ ಮುಖ್ಯ ಭೂಭಾಗ, ಪಶ್ಚಿಮಕ್ಕೆ ಕ್ವಾಲೊಯ ಎಂಬ ದೊಡ್ಡ ದ್ವೀಪ, ಎರಡಕ್ಕೂ ಸೇತುವೆ. ಜನಸಂಖ್ಯೆ 80 ಸಾವಿರದ ಆಸುಪಾಸು, ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಆದರೂ ವಿಶ್ವವಿದ್ಯಾಲಯ, ದೊಡ್ಡಾಸ್ಪತ್ರೆ, ವಿಮಾನ ನಿಲ್ದಾಣ ಎಲ್ಲ ಇದೆ. ಊರಿನ ಹೊಟ್ಟೆಯೊಳಗೆ ಸುರಂಗ ರಸ್ತೆಗಳೂ ಇವೆ, ನೆಲದಡಿಯಲ್ಲೇ ವೃತ್ತಗಳೂ ಇವೆ.

ಇಷ್ಟು ಉತ್ತರಕ್ಕಿದ್ದರೆ ಚಳಿ ಮೈನಸ್ 30 ಇರಬೇಕಲ್ಲವೇ ಎಂದು ಹೆದರುವವರು ಹೆಚ್ಚು. ಹಾಗಿಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವೊಂದು ನಾರ್ವೆಯ ಕರಾವಳಿಯುದ್ದಕ್ಕೂ ಹರಿಯುತ್ತದೆ. ಅದರ ದಯದಿಂದ ಬಂದರು ಹೆಪ್ಪುಗಟ್ಟುವುದಿಲ್ಲ, ಜನವರಿಯ ಸರಾಸರಿ ಉಷ್ಣಾಂಶ ಪೇಟೆಯಲ್ಲಿ ಮೈನಸ್ 3–4 ಡಿಗ್ರಿಯ ಹತ್ತಿರ. ದೆಹಲಿಯ ಚಳಿಗಾಲ ಕಂಡವರು ಸರಿಯಾದ ಬಟ್ಟೆಯಿದ್ದರೆ ಇದನ್ನು ತಡೆದುಕೊಳ್ಳುತ್ತಾರೆ. ಕಷ್ಟ ಕೊಡುವುದು ಗಾಳಿ ಮತ್ತು ಕಾಲಡಿಯ ಮಂಜುಗಡ್ಡೆ. ಹಿಮಕ್ಕಂತೂ ಬರವಿಲ್ಲ: 1997ರ ಏಪ್ರಿಲ್ 29ರಂದು ಇಲ್ಲಿ ಅಳೆದ ಹಿಮದ ದಪ್ಪ 240 ಸೆಂ.ಮೀ. ನಾವು ಮಾವಿನಹಣ್ಣು ತಿನ್ನುವ ಕಾಲದಲ್ಲಿ ಆಳೆತ್ತರ ಮೀರಿದ ಹಿಮ!

ಯಾವ ತಿಂಗಳಿಗೆ ಯಾವ ನೋಟ

*ಸೆಪ್ಟೆಂಬರ್–ಅಕ್ಟೋಬರ್:* ಬರ್ಚ್ ಮರಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗುವ ಕಾಲ. ಕೆರೆ, ಸರೋವರ ಇನ್ನೂ ಹೆಪ್ಪುಗಟ್ಟಿರದ ಕಾರಣ ಅರೋರಾ ಬಂದರೆ ಆಕಾಶದಲ್ಲೊಂದು, ನೀರಿನಲ್ಲೊಂದು ಕಾಣುತ್ತದೆ. ಚಳಿ ಕಡಿಮೆ. ಆದರೆ ಮಳೆ ಹೆಚ್ಚು, ನಾಯಿಗಾಡಿಗೆ ಬೇಕಾದ ಹಿಮವಿಲ್ಲ.

*ನವೆಂಬರ್ ಕೊನೆ–ಜನವರಿ ಮಧ್ಯ:* ಇದು ಧ್ರುವ ರಾತ್ರಿ. ದಿನವಿಡೀ ಕಗ್ಗತ್ತಲು ಎಂಬುದು ತಪ್ಪು ಕಲ್ಪನೆ. ಬೆಳಗ್ಗೆ ಹತ್ತರ ಸುಮಾರಿನಿಂದ ಮಧ್ಯಾಹ್ನ ಎರಡರವರೆಗೆ, ಸೂರ್ಯ ದಿಗಂತದ ಕೆಳಗಿದ್ದುಕೊಂಡೇ ಬೆಳಕು ಕಳಿಸುತ್ತಾನೆ. ದಕ್ಷಿಣದಲ್ಲಿ ಗುಲಾಬಿ, ಉತ್ತರದಲ್ಲಿ ಗಾಢ ನೀಲಿ, ನಡುವೆ ಹಿಮವೂ ನೀಲಿ. ಈ ಹೊತ್ತಿನಲ್ಲೇ ಪೇಟೆ ಸುತ್ತಬೇಕು, ಫೋಟೊ ತೆಗೆಯಬೇಕು. ತಿಮಿಂಗಿಲ ನೋಡುವುದಕ್ಕೂ ಇದೇ ಕಾಲ.

*ಜನವರಿ ಕೊನೆ–ಮಾರ್ಚ್ ಕೊನೆ:* ಒಂದೇ ಸಲ ಹೋಗಲು ಸಾಧ್ಯವಾದರೆ ನಮ್ಮ ಓಟು ಇದಕ್ಕೆ. ಹಿಮ ತುಂಬಿರುತ್ತದೆ, ಹಗಲು ದಿನದಿನಕ್ಕೂ ಉದ್ದವಾಗುತ್ತದೆ, ರಾತ್ರಿಯೂ ಅರೋರಾಗೆ ಸಾಕಷ್ಟು ಕತ್ತಲಿರುತ್ತದೆ. ಹಗಲು ನಾಯಿಗಾಡಿ, ರಾತ್ರಿ ಆಕಾಶ. ಹಗಲಿರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಆಸುಪಾಸಿನಲ್ಲಿ ಭೂಮಿಯ ಕಾಂತಕ್ಷೇತ್ರದ ಕಲಕಾಟ ತುಸು ಹೆಚ್ಚು ಎಂಬುದು ಅರೋರಾ ಬಲ್ಲವರಿಗೆ ಗೊತ್ತಿರುವ ಸಂಗತಿ. ಫೆಬ್ರವರಿ 6 ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ರಾಷ್ಟ್ರೀಯ ದಿನ. ಆ ವಾರ ಪೇಟೆಯ ಮುಖ್ಯ ಬೀದಿಯಲ್ಲಿ ಹಿಮಸಾರಂಗಗಳ ಓಟದ ಪಂದ್ಯ ನಡೆಯುತ್ತದೆ. ನಮ್ಮ ಕಂಬಳದಲ್ಲಿ ಕೋಣದ ಹಿಂದೆ ಓಡುವಂತೆ ಅಲ್ಲಿ ಸಾರಂಗದ ಹಿಂದೆ ಸ್ಕೀ ಕಟ್ಟಿಕೊಂಡು ಜಾರುತ್ತಾರೆ.

*ಮೇ 20–ಜುಲೈ 22ರ ಸುಮಾರು:* ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಅವನು ಅತಿ ಕೆಳಗೆ, ಉತ್ತರ ದಿಕ್ಕಿನಲ್ಲಿ ಕಾಣುತ್ತಾನೆ. ಆಮೇಲೆ ಮತ್ತೆ ಏರಲು ಶುರು. ಸಂಧ್ಯಾವಂದನೆ ತಪ್ಪಿಸದವರಿಗೆ ಇಲ್ಲಿ ಗಡಿಯಾರವೇ ಗತಿ. ಆರು ತಿಂಗಳ ಹಗಲು, ಆರು ತಿಂಗಳ ರಾತ್ರಿ ಎಂದು ನಾವು ಕೇಳಿರುವುದು ಧ್ರುವಬಿಂದುವಿನ ಲೆಕ್ಕ. ಟ್ರೊಮ್ಸೊದಲ್ಲಿ ಮುಳುಗದ ಸೂರ್ಯ ಸುಮಾರು ಎರಡು ತಿಂಗಳು, ಏಳದ ಸೂರ್ಯ ಸುಮಾರು ಏಳು ವಾರ ಅಷ್ಟೇ.

ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರಗಳನ್ನು ಆದಷ್ಟು ಬಿಟ್ಟುಬಿಡಿ. ಹಿಮ ಕರಗಿ ಕೆಸರು, ಅರೋರಾ ಮುಗಿದಿರುತ್ತದೆ, ನಡುರಾತ್ರಿಯ ಸೂರ್ಯ ಬಂದಿರುವುದಿಲ್ಲ. ಬೇಸಿಗೆ ರಜೆ ಸಿಕ್ಕಿತೆಂದು ಮಕ್ಕಳನ್ನು ಕರೆದುಕೊಂಡು ಹೊರಡುವ ನಮ್ಮವರು ಎಡವುವುದು ಇಲ್ಲೇ.

ಅರೋರಾ: ಕಾಯುವವರ ಪಾಲಿಗೆ

ಸೂರ್ಯನಿಂದ ಸಿಡಿದು ಬರುವ ವಿದ್ಯುದಾವೇಶದ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ತಡೆದು ಬಳಸಿ ಧ್ರುವಗಳ ಕಡೆಗೆ ಎಳೆಯುತ್ತದೆ. ಅವು ಮೇಲಿನ ವಾತಾವರಣದ ಅನಿಲಗಳಿಗೆ ಬಡಿದಾಗ ಹುಟ್ಟುವ ಬೆಳಕೇ ಅರೋರಾ. 100ರಿಂದ 150 ಕಿ.ಮೀ. ಎತ್ತರದ ಆಮ್ಲಜನಕ ಹಸಿರು ಕೊಡುತ್ತದೆ. 200 ಕಿ.ಮೀ. ದಾಟಿದ ಮೇಲಿನ ವಿರಳ ಆಮ್ಲಜನಕ ಕೆಂಪು. ಕೆಳ ಅಂಚಿನಲ್ಲಿ ಮಿಂಚುವ ನೇರಳೆ, ಗುಲಾಬಿ ಸಾರಜನಕದ ಪಾಲು.

ಇದಕ್ಕೆ ನಮ್ಮ ಕಡೆಯ ಸಾಕ್ಷಿಯೂ ಇದೆ. 2024ರ ಮೇ 10–11ರ ಭಾರಿ ಸೌರ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಕೆಂಪು ಅರೋರಾ ಕಾಣಿಸಿತು. ಅದನ್ನು ಸೆರೆಹಿಡಿದದ್ದು ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾ. ದೂರದಿಂದ ನೋಡುವವರಿಗೆ ಅರೋರಾದ ಬೆಳಕಿನ ಪರದೆಯ ಮೇಲಿನ ಅಂಚು ಮಾತ್ರ ದಿಗಂತದ ಮೇಲೆ ಕಾಣುವುದರಿಂದ ಅದು ಬರೀ ಕೆಂಪು. ಟ್ರೊಮ್ಸೊದಲ್ಲಿ ನೀವು ಆ ಪರದೆಯ ನೇರ ಕೆಳಗೆ ನಿಂತಿರುತ್ತೀರಿ. ಆದ್ದರಿಂದ ಮೊಬೈಲ್ ಆ್ಯಪ್ ತೋರಿಸುವ, ಕಾಂತಕ್ಷೇತ್ರದ ಕಲಕಾಟ ಅಳೆಯುವ ‘ಕೆಪಿ’ ಸಂಖ್ಯೆ 5, 6 ಆಗಲಿ ಎಂದು ಜಪ ಮಾಡಬೇಕಾಗಿಲ್ಲ. ಇಲ್ಲಿ 2 ಇದ್ದರೂ ಒಳ್ಳೆಯ ಅರೋರಾ ಸಿಗುತ್ತದೆ.

ಇಲ್ಲಿ ಶತ್ರು ಮೋಡ. ಅರೋರಾ ನೂರು ಕಿ.ಮೀ. ಮೇಲೆ, ಮೋಡ ಕೆಲವೇ ಕಿ.ಮೀ. ಮೇಲೆ. ಹಾಗಾಗಿ ಸಂಜೆ ಮೊದಲು ನೋಡಬೇಕಾದ್ದು ಮೋಡದ ನಕ್ಷೆ. ನಾರ್ವೆಯ ಹವಾಮಾನ ಇಲಾಖೆಯ ‘ಯೂರ್’ ಆ್ಯಪ್ ಅದಕ್ಕೆ ಸಾಕು. ಕರಾವಳಿಯಲ್ಲಿ ಮೋಡ ಮುಸುಕಿದ್ದರೂ ಬೆಟ್ಟಗಳ ಆಚೆಗಿನ ಸ್ಕಿಬೊಟ್ನ್ ಕಣಿವೆಯಲ್ಲಿ ಆಕಾಶ ತಿಳಿಯಾಗಿರುವುದುಂಟು. ಅರೋರಾ ಬೇಟೆಗೆ ಹೊರಡುವ ಮಿನಿ ಬಸ್ಸುಗಳು ಕೆಲವು ರಾತ್ರಿ ಫಿನ್ಲೆಂಡ್ ಗಡಿ ದಾಟುವುದೂ ಉಂಟು, ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಅಲ್ಲಿ ಉಷ್ಣಾಂಶ ಪೇಟೆಗಿಂತ 15–20 ಡಿಗ್ರಿ ಕೆಳಗಿಳಿದಿರಬಹುದು.

ದುಡ್ಡು ಉಳಿಸುವವರು ದ್ವೀಪದ ನೆತ್ತಿಯ ಮೇಲಿರುವ ಪ್ರೆಸ್ಟ್‌ವಾನೆ ಕೆರೆಗೋ, ದಕ್ಷಿಣ ತುದಿಯ ಟೆಲಿಗ್ರಾಫ್‌ಬುಕ್ತಾ ಕಡಲತೀರಕ್ಕೋ ನಡೆದುಹೋಗಬಹುದು. ಪೇಟೆಯ ದೀಪಗಳು ಅಲ್ಲಿ ತುಸು ದೂರ.

ಹೀಗಿರುತ್ತದೆ ಆ ಕಾಯುವಿಕೆ. ಹಿಮದ ಮೇಲೆ ಸಾರಂಗದ ತೊಗಲು ಹಾಸಿ ಕೂತಿದ್ದೀರಿ. ಉತ್ತರದಲ್ಲಿ ಮೋಡದ ಎಳೆಯಂಥ ಬೂದು ಪಟ್ಟಿ. ಅದು ಮೋಡವೋ ಅರೋರಾವೋ ಎಂಬ ಚರ್ಚೆ ನಡೆಯುವಾಗ ಮಾರ್ಗದರ್ಶಿ ಮೊಬೈಲ್ ಎತ್ತಿ ಮೂರು ಸೆಕೆಂಡಿನ ಫೋಟೊ ತೆಗೆದು ತೋರಿಸುತ್ತಾಳೆ: ತೆರೆಯ ಮೇಲೆ ಹಸಿರು. ಮತ್ತೆ ಅರ್ಧ ಗಂಟೆ ಏನಿಲ್ಲ. ಬಿಸಿ ಪಾನೀಯದ ಲೋಟ ತಣ್ಣಗಾಗುತ್ತದೆ. ಆಮೇಲೆ ಒಮ್ಮೆಲೇ ಆ ಪಟ್ಟಿ ಒದರಿದ ಸೀರೆಯಂತೆ ಅಲೆಯಾಗುತ್ತದೆ, ಕೆಳ ಅಂಚಿಗೆ ಗುಲಾಬಿ ಹರಿಯುತ್ತದೆ, ಐದು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಮೊಬೈಲಿನಲ್ಲೇ ಮುಳುಗಿದ್ದವರಿಗೆ ಅದೂ ತಪ್ಪಿರುತ್ತದೆ.

ಇದರಿಂದ ಎರಡು ಪಾಠ. ಮಂದ ಅರೋರಾ ಬರಿಗಣ್ಣಿಗೆ ಬೂದುಬಣ್ಣ, ಕ್ಯಾಮೆರಾಗೆ ಮಾತ್ರ ಹಸಿರು. ಇನ್‌ಸ್ಟಾಗ್ರಾಂ ಚಿತ್ರಗಳನ್ನು ನಂಬಿ ಹೋದರೆ ನಿರಾಸೆ ಖಂಡಿತ. ಎರಡನೆಯದು, ಒಂದೆರಡು ರಾತ್ರಿ ಸಾಲದು. ಕನಿಷ್ಠ ನಾಲ್ಕು, ಆದರೆ ಐದು ರಾತ್ರಿ ಉಳಿಯಿರಿ. ಐದು ಊರಲ್ಲಿ ಒಂದೊಂದು ರಾತ್ರಿಗಿಂತ ಒಂದೇ ಊರಲ್ಲಿ ಐದು ರಾತ್ರಿ ಲಾಭ.

ಫೋಟೊ ತೆಗೆಯುವವರಿಗೆ: ಟ್ರೈಪಾಡ್ ಇಲ್ಲದೆ ಹೋಗಬೇಡಿ. ಫೋಕಸ್ ಕೈಯಾರೆ ಅನಂತಕ್ಕೆ ಇಟ್ಟು, ಐಎಸ್ಒ 1600ರ ಆಸುಪಾಸು, 5–10 ಸೆಕೆಂಡಿನಿಂದ ಶುರುಮಾಡಿ. ಚಳಿಗೆ ಬ್ಯಾಟರಿ ಬೇಗ ಬರಿದಾಗುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳಿ. ಕೋಣೆಗೆ ಮರಳುವ ಮುನ್ನ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ. ಇಲ್ಲದಿದ್ದರೆ ಲೆನ್ಸಿನ ಮೇಲೆ, ಒಳಗೆ ಬೆವರು ಕೂರುತ್ತದೆ. ಟಾರ್ಚ್, ಫ್ಲಾಶ್ ಹಾಕಿ ಪಕ್ಕದವರ ಕಣ್ಣು ಕತ್ತಲೆ ಮಾಡಬೇಡಿ.

ಹಿಮದ ಮೇಲಿನ ಸವಾರಿಗಳು

*ನಾಯಿಗಾಡಿ:* ಕ್ವಾಲೊಯ ಮತ್ತು ಸುತ್ತಲಿನ ಕಣಿವೆಗಳಲ್ಲಿ ಹಸ್ಕಿ ಶಿಬಿರಗಳಿವೆ. ಹೊರಡುವ ಮುನ್ನ ಕಿವಿಗಡಚಿಕ್ಕುವ ಗಲಾಟೆ: ಪ್ರತಿ ನಾಯಿಯೂ ನೊಗಪಟ್ಟಿ ಕಟ್ಟಿಸಿಕೊಂಡ ಮೇಲೆ ‘ಇನ್ನೂ ಯಾಕೆ ತಡ’ ಎಂಬಂತೆ ಬೊಗಳಿ, ಹಾರಿ, ಹಗ್ಗ ಜಗ್ಗುತ್ತದೆ. ಬ್ರೇಕ್ ಬಿಟ್ಟ ಕ್ಷಣ ಎಲ್ಲ ನಿಶ್ಶಬ್ದ. ಹಿಮದ ಮೇಲೆ ಗಾಡಿ ಜಾರುವ ಸದ್ದು, ನಾಯಿಗಳ ಉಸಿರು, ಅಷ್ಟೇ. ಇಬ್ಬರಿಗೆ ಒಂದು ಗಾಡಿ. ಒಬ್ಬರು ಕೂತರೆ ಇನ್ನೊಬ್ಬರು ಹಿಂದೆ ನಿಂತು ಓಡಿಸಬೇಕು. ನಿಂತವರಿಗೆ ನೆನಪಿರಬೇಕಾದ ನಿಯಮ ಒಂದೇ: ಬಿದ್ದರೂ ಗಾಡಿಯ ಹಿಡಿ ಬಿಡಬಾರದು. ಬಿಟ್ಟರೆ ನಾಯಿಗಳು ನಿಮಗಾಗಿ ನಿಲ್ಲುವುದಿಲ್ಲ. ಸೊಂಟ, ಮೊಣಕಾಲು ನೋವಿರುವವರು ಮಾರ್ಗದರ್ಶಿಯೇ ಓಡಿಸುವ ಗಾಡಿ ಕೇಳಿ ಕಾಯ್ದಿರಿಸಿ.

*ಹಿಮಸಾರಂಗ ಮತ್ತು ಸಾಮಿ ಬದುಕು:* ಸಾಮಿಗಳು ಇಡೀ ಉತ್ತರ ಸ್ಕ್ಯಾಂಡಿನೇವಿಯದ ಮೂಲನಿವಾಸಿಗಳು. ಅವರ ಶಿಬಿರದಲ್ಲಿ ಸಾರಂಗಗಳಿಗೆ ಕೈಯಾರೆ ಮೇವು ಉಣಿಸಬಹುದು, ‘ಲಾವು’ ಎಂಬ ಗುಡಾರದಲ್ಲಿ ಬೆಂಕಿ ಸುತ್ತ ಕೂತು ಕತೆ ಕೇಳಬಹುದು, ‘ಯೊಯ್ಕ್’ ಎಂಬ ಹಾಡು ಕೇಳಬಹುದು. ಒಂದು ಪ್ರಶ್ನೆ ಮಾತ್ರ ಬೇಡ: ‘ನಿಮ್ಮಲ್ಲಿ ಎಷ್ಟು ಸಾರಂಗ ಇವೆ?’ ಅದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದಂತೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಎಲ್ಲಕ್ಕಿಂತ ಆರಾಮದ ಕಾರ್ಯಕ್ರಮ ಇದು.

*ಸ್ನೋಮೊಬೈಲ್, ಸ್ಕೀ, ಹಿಮಪಾದುಕೆ:* ಸ್ನೋಮೊಬೈಲ್ ಓಡಿಸಲು ಚಾಲನಾ ಪರವಾನಗಿ ಕೇಳುತ್ತಾರೆ, ಮೂಲ ಕಾರ್ಡನ್ನೇ ಒಯ್ಯಿರಿ. ಸ್ಕೀ ಗೊತ್ತಿಲ್ಲದವರು ಹಿಮಪಾದುಕೆ ಕಟ್ಟಿಕೊಂಡು ಬೆಟ್ಟದ ಸೆರಗಿನಲ್ಲಿ ನಡೆಯುವುದರಿಂದ ಶುರುಮಾಡಲಿ. ನಡೆಯಲು ಬಂದರೆ ಸಾಕು. ಮಾರ್ಗದರ್ಶಿಯಿಲ್ಲದೆ ಕಡಿದಾದ ಇಳಿಜಾರಿಗೆ ಹೋಗಲೇಬೇಡಿ. ಪೇಟೆಯ ಪೂರ್ವಕ್ಕಿರುವ ಲಿಂಗೆನ್ ಪ್ರದೇಶದ ಬೆಟ್ಟಗಳಲ್ಲಿ ಹಿಮಕುಸಿತ ಚಳಿಗಾಲದ ಮಾಮೂಲು ಅಪಾಯ. ‘ವಾರ್ಸೊಮ್’ ಜಾಲತಾಣ ದಿನವೂ ಎಚ್ಚರಿಕೆ ಮಟ್ಟ ಪ್ರಕಟಿಸುತ್ತದೆ.

ತಿಮಿಂಗಿಲಗಳ ಬೆನ್ನು ಹತ್ತಿ

ನವೆಂಬರ್‌ನಿಂದ ಜನವರಿವರೆಗೆ ಹೆರಿಂಗ್ ಮೀನಿನ ಹಿಂಡು ಬೆಟ್ಟಗಳ ನಡುವಿನ ಉದ್ದನೆಯ ಕಡಲಕೊಲ್ಲಿಗಳಾದ ಇಲ್ಲಿನ ಫ್ಯೋರ್ಡ್‌ಗಳಿಗೆ ನುಗ್ಗುತ್ತದೆ. ಹೆರಿಂಗ್ ನಮ್ಮ ಕರಾವಳಿಯ ಬೂತಾಯಿಯ ಕುಲದ್ದೇ. ಅದನ್ನು ಅಟ್ಟಿಸಿಕೊಂಡು ಓರ್ಕಾಗಳೂ ಗೂನುಬೆನ್ನಿನ ತಿಮಿಂಗಿಲಗಳೂ ಬರುತ್ತವೆ. ಕೆಲವು ವರ್ಷಗಳ ಹಿಂದೆ ಟ್ರೊಮ್ಸೊ ಪಕ್ಕದ ಕಾಲ್‌ಫ್ಯೋರ್ಡಿನಲ್ಲೇ ಕಾಣುತ್ತಿದ್ದವು. ಈಗ ಮೀನಿನ ಹಿಂಡು ಉತ್ತರದ ಶೆರ್ವೊಯ್ ಕಡೆಗೆ ಸರಿದಿದೆ, ಹಾಗಾಗಿ ದೋಣಿಯಲ್ಲಿ ಹೋಗಿಬರಲು ಇಡೀ ದಿನ ಬೇಕು. ಸಮುದ್ರದ ಹೊಯ್ದಾಟ ತಾಳದವರು ಮಾತ್ರೆ ಮೊದಲೇ ನುಂಗಿ ಹತ್ತಿ. ತೆರೆದ ಪುಟ್ಟ ದೋಣಿಗಿಂತ ಒಳಗೆ ಬೆಚ್ಚನೆಯ ಆಸನವಿರುವ ದೊಡ್ಡ ದೋಣಿ ನಮ್ಮಂಥವರಿಗೆ ಮೇಲು. ಮೀನು ಎಲ್ಲಿಗೆ ಹೋಗುತ್ತದೋ ತಿಮಿಂಗಿಲ ಅಲ್ಲಿಗೆ. ‘ಗ್ಯಾರಂಟಿ’ ಎಂದು ಮಾರುವವರ ಷರತ್ತುಗಳನ್ನು ಓದಿ ದುಡ್ಡು ಕಟ್ಟಿ.

ಮುಳುಗದ ಸೂರ್ಯನ ಕಾಲದಲ್ಲಿ

ಬೇಸಿಗೆಯಲ್ಲಿ ಈ ಊರು ನಿದ್ದೆ ಮರೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಹುಲ್ಲು ಕತ್ತರಿಸುವವರು, ಒಂದು ಗಂಟೆಗೆ ಕಯಾಕ್ ದೋಣಿ ಹುಟ್ಟುಹಾಕುವವರು ಕಾಣುತ್ತಾರೆ. ಜೂನ್‌ನಲ್ಲಿ ನಡುರಾತ್ರಿಯ ಸೂರ್ಯನ ಹೆಸರಿನ ಮ್ಯಾರಥಾನ್ ಓಟವೇ ನಡೆಯುತ್ತದೆ. ಜುಲೈ ಸರಾಸರಿ 12 ಡಿಗ್ರಿಯ ಹತ್ತಿರ. ಸ್ವೆಟರ್, ಮಳೆ ಅಂಗಿ ಬೇಕೇ ಬೇಕು. ಕಣ್ಣುಪಟ್ಟಿಯನ್ನೂ ಮರೆಯಬೇಡಿ, ಕಿಟಕಿ ಪರದೆ ಎಷ್ಟೇ ದಪ್ಪವಿದ್ದರೂ ಬೆಳಕು ಸಂದಿ ಹುಡುಕಿ ಬರುತ್ತದೆ.

ಈ ಕಾಲದ ತಪ್ಪಿಸಬಾರದ ನಡಿಗೆ ‘ಶೆರ್ಪಾ ಮೆಟ್ಟಿಲು’. ಸುಮಾರು 1200 ಕಲ್ಲಿನ ಮೆಟ್ಟಿಲು, ಬೆಟ್ಟದ ಬುಡದಿಂದ 421 ಮೀಟರ್ ಎತ್ತರದ ಸ್ಟೂರ್‌ಸ್ಟೈನೆನ್‌ವರೆಗೆ. ನೇಪಾಳದಿಂದ ಬಂದ ಶೆರ್ಪಾಗಳು ಕಟ್ಟಿದ್ದು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಅಭ್ಯಾಸವಿರುವವರಿಗೆ ಲೆಕ್ಕ ಸುಲಭ: ಅಲ್ಲಿಯಂತೆ ಇಲ್ಲೂ ಸಾವಿರಕ್ಕೆ ಮೇಲೆ. ಆಗದವರಿಗೆ 1961ರಿಂದ ಓಡುತ್ತಿರುವ ಕೇಬಲ್ ಕಾರ್ ಇದೆ, ನಾಲ್ಕೇ ನಿಮಿಷ. ಚಳಿಗಾಲದಲ್ಲಿ ಮೆಟ್ಟಿಲುಗಳು ಮಂಜಿನಡಿ ಹೂತಿರುತ್ತವೆ, ಆಗ ಕೇಬಲ್ ಕಾರೇ ಸರಿ. ಮೇಲಿನಿಂದ ದ್ವೀಪ, ಸೇತುವೆ, ಫ್ಯೋರ್ಡ್ ಎಲ್ಲ ಅಂಗೈ ಮೇಲಿಟ್ಟಂತೆ ಕಾಣುತ್ತದೆ.

ಪಶ್ಚಿಮಕ್ಕೆ ಸೊಮ್ಮಾರೊಯ್ ದ್ವೀಪದ ಬಿಳಿ ಮರಳಿನ ತೀರ ಇನ್ನೊಂದು ಒಳ್ಳೆಯ ದಿನದ ಪ್ರವಾಸ. ‘ಗಡಿಯಾರವನ್ನೇ ರದ್ದು ಮಾಡಿದ ದ್ವೀಪ’ ಎಂದು 2019ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾದದ್ದು ಇದೇ. ಅದು ಪ್ರವಾಸೋದ್ಯಮದ ಪ್ರಚಾರ ತಂತ್ರ ಎಂದು ಆಮೇಲೆ ಬಯಲಾಯಿತು. ತೀರ ಮಾತ್ರ ನಿಜ. ನೀರು ನೀಲಿಯಾಗಿ ಕರೆಯುತ್ತದೆ, ಕಾಲಿಟ್ಟರೆ ಆರ್ಕ್ಟಿಕ್ ಎಂದು ಗೊತ್ತಾಗುತ್ತದೆ.

ನಾರ್ವೆಯಲ್ಲಿ ಬೇಲಿಯಿಲ್ಲದ ಕಾಡು, ಬೆಟ್ಟ, ತೀರಗಳಲ್ಲಿ ಯಾರು ಬೇಕಾದರೂ ನಡೆಯುವ ಹಕ್ಕನ್ನು 1957ರ ಕಾನೂನು ಕೊಟ್ಟಿದೆ. ಗುಡಾರ ಹಾಕುವುದಾದರೆ ಹತ್ತಿರದ ಮನೆಯಿಂದ ಕನಿಷ್ಠ 150 ಮೀಟರ್ ದೂರವಿರಬೇಕು. ಕಸ ಹಿಂದಕ್ಕೆ ತರುವುದು ಹಕ್ಕಿನ ಜೊತೆಗಿನ ಕರ್ತವ್ಯ.

ಮೋಡ ಮುಸುಕಿದ ದಿನಕ್ಕೆ

ಹೊರಗೆ ಹೋಗಲಾಗದ ದಿನ ಪೇಟೆಯನ್ನು ನೋಡಿ. 1960ರಲ್ಲಿ ತೆರೆದ, 1036 ಮೀಟರ್ ಉದ್ದದ ಸೇತುವೆಯ ಮೇಲೆ ನಡೆದು ದಾಟಿದರೆ ಎದುರಿಗೇ ಆರ್ಕ್ಟಿಕ್ ಕೆಥೆಡ್ರಲ್. 1965ರ ಈ ಚರ್ಚನ್ನು ವಿನ್ಯಾಸ ಮಾಡಿದ್ದು ವಾಸ್ತುಶಿಲ್ಪಿ ಯಾನ್ ಇಂಗೆ ಹೂವಿಗ್. ಒಂದರ ಹಿಂದೊಂದು ಒರಗಿ ನಿಂತ ಬಿಳಿ ತ್ರಿಕೋನಗಳು ಮಂಜುಗಡ್ಡೆಯ ಬಂಡೆಗಳಂತೆಯೂ ಮೀನು ಒಣಗಿಸುವ ಚಪ್ಪರದಂತೆಯೂ ಕಾಣುತ್ತವೆ.

ಬಂದರಿನ ಬಳಿ 1830ರ ದಶಕದ ಉಗ್ರಾಣವೊಂದರಲ್ಲಿ ಧ್ರುವ ವಸ್ತುಸಂಗ್ರಹಾಲಯ ಇದೆ. ಸೀಲ್ ಬೇಟೆ, ಹಿಮಕರಡಿ ಬೇಟೆಯ ಕಾಲದ ಒರಟು ಬದುಕನ್ನು ಅದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ದಕ್ಷಿಣ ಧ್ರುವವನ್ನು 1911ರಲ್ಲಿ ಮೊದಲು ಮುಟ್ಟಿದ ರೋಆಲ್ಡ್ ಅಮುಂಡ್ಸೆನ್ ಕೊನೆಯ ಸಲ ಹೊರಟದ್ದು ಈ ಊರಿನಿಂದಲೇ. 1928ರ ಜೂನ್ 18ರಂದು, ಆರ್ಕ್ಟಿಕ್‌ನಲ್ಲಿ ಕಾಣೆಯಾಗಿದ್ದ ಇಟಲಿಯ ಧ್ರುವಯಾನಿ ಉಂಬೆರ್ತೊ ನೊಬಿಲೆಯನ್ನು ಹುಡುಕಲು ‘ಲಾಥಮ್’ ವಿಮಾನ ಏರಿದ ಅವನು ಮರಳಲೇ ಇಲ್ಲ. ನೊಬಿಲೆ ಬದುಕಿ ಬಂದ.

ಮಕ್ಕಳಿಗೆ ‘ಪೊಲಾರಿಯಾ’ ಮತ್ಸ್ಯಾಲಯದ ಸೀಲ್‌ಗಳು ಇಷ್ಟವಾಗುತ್ತವೆ. ಬೇಸಿಗೆಯಾದರೆ ವಿಶ್ವವಿದ್ಯಾಲಯದ ಬಳಿಯ ಆರ್ಕ್ಟಿಕ್ ಸಸ್ಯೋದ್ಯಾನಕ್ಕೆ ಹೋಗಿ, ಪ್ರವೇಶ ಉಚಿತ. ನಮ್ಮ ಹಿಮಾಲಯದ ನೀಲಿ ಗಸಗಸೆ ಹೂ ಅಲ್ಲಿ ಅರಳುತ್ತದೆ.

ಬಟ್ಟೆಯ ಲೆಕ್ಕ

ಒಂದು ದಪ್ಪ ಜಾಕೆಟ್ ಬದಲು ಮೂರು ಪದರ. ಮೈಗಂಟುವ ಮೊದಲ ಪದರ ಉಣ್ಣೆಯದು, ಮೆರಿನೊ ಆದರೆ ಒಳ್ಳೆಯದು. ಎರಡನೆಯದು ಫ್ಲೀಸ್ ಅಥವಾ ಸ್ವೆಟರ್. ಹೊರಗಿನದು ಗಾಳಿ, ನೀರು ತಡೆಯುವ ಜಾಕೆಟ್. ನಮ್ಮ ಹತ್ತಿ ಬನಿಯನ್ನು ಇಲ್ಲಿ ಶತ್ರು: ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ತಣ್ಣಗಾಗಿಸುತ್ತದೆ. ಜೀನ್ಸ್ ಕೂಡ ಬೇಡ. ಬೂಟು ಒಂದು ಅಳತೆ ದೊಡ್ಡದಿರಲಿ. ಬಿಗಿ ಬೂಟಿನಲ್ಲಿ ಎರಡು ಸಾಕ್ಸ್ ತುರುಕಿದರೆ ಬೆರಳಿಗೆ ರಕ್ತ ಹರಿಯದೆ ಚಳಿ ಹೆಚ್ಚುತ್ತದೆ. ನಾಯಿಗಾಡಿ, ಅರೋರಾ ಪ್ರವಾಸದವರು ಸಾಮಾನ್ಯವಾಗಿ ಮೇಲಂಗಿ, ಬೂಟು ಕೊಡುತ್ತಾರೆ, ಮೊದಲೇ ಕೇಳಿಕೊಂಡರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಮರೆಯಲೇಬಾರದ ವಸ್ತು ‘ಬ್ರೊದ್ದೆರ್’, ಬೂಟಿನಡಿಗೆ ಸಿಕ್ಕಿಸಿಕೊಳ್ಳುವ ಮುಳ್ಳುಪಟ್ಟಿ. ಟ್ರೊಮ್ಸೊದ ಇಳಿಜಾರು ಬೀದಿಗಳಲ್ಲಿ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ಸ್ಥಳೀಯ ಅಜ್ಜಿಯರೂ ಇದನ್ನು ಕಟ್ಟಿಕೊಂಡೇ ಅಂಗಡಿಗೆ ಹೋಗುತ್ತಾರೆ. ಊರಿಗೆ ಇಳಿದ ದಿನವೇ ಕೊಳ್ಳಿ. ಅಂಗಡಿಯೊಳಗೆ ಹೋಗುವಾಗ ಬಿಚ್ಚುವುದು ಮರ್ಯಾದೆ. ಕತ್ತಲಲ್ಲಿ ನಡೆಯುವವರು ಬೆಳಕು ಪ್ರತಿಫಲಿಸುವ ಪಟ್ಟಿ ಧರಿಸುವುದೂ ಅಲ್ಲಿನ ರೂಢಿ. ಮೈಗೆ ಹಚ್ಚಲು ತೆಂಗಿನೆಣ್ಣೆ ಒಯ್ದರೆ ಬಾಟಲಿಯಲ್ಲಿ ಕಲ್ಲಾಗಿ ಕೂರುತ್ತದೆ, ವ್ಯಾಸಲಿನ್ ಇರಲಿ.

ಒಂದು ಜೊತೆ ಉಣ್ಣೆಯ ಒಳಉಡುಪು, ಟೋಪಿ, ಕೈಗವಸು ಕೈಚೀಲದಲ್ಲೇ ಇರಲಿ. ಎರಡು ಮೂರು ವಿಮಾನ ಬದಲಿಸುವ ದಾರಿಯಲ್ಲಿ ಪೆಟ್ಟಿಗೆ ಒಂದು ದಿನ ತಡವಾಗುವುದು ಅಪರೂಪವಲ್ಲ.

ಊಟದ ಚಿಂತೆ

ಮೀನು ತಿನ್ನುವವರಿಗೆ ಇದು ಸ್ವರ್ಗ. ಜನವರಿಯಿಂದ ಏಪ್ರಿಲ್‌ವರೆಗೆ ಸಿಗುವ ‘ಸ್ಕ್ರೈ’ ಎಂಬ ತಾಜಾ ಕಾಡ್ ಮೀನಿನ ರುಚಿಯನ್ನು ಕರಾವಳಿಯವರೂ ಮೆಚ್ಚುತ್ತಾರೆ. ಸಸ್ಯಾಹಾರಿಗಳು ತುಸು ತಯಾರಾಗಿ ಹೋಗಬೇಕು. ಪ್ರವಾಸ ಕಾಯ್ದಿರಿಸುವಾಗಲೇ ‘ಮಾಂಸ, ಮೀನು, ಮೊಟ್ಟೆ ಇಲ್ಲ’ ಎಂದು ಬಿಡಿಸಿ ಬರೆಯಿರಿ. ಬರೀ ‘ವೆಜ್’ ಎಂದರೆ ಅರ್ಥ ಬೇರೆಯಾಗಬಹುದು. ಅಡುಗೆಮನೆಯಿರುವ ವಸತಿ ಹಿಡಿದರೆ ಅರ್ಧ ಖರ್ಚು, ಮುಕ್ಕಾಲು ಚಿಂತೆ ಕಡಿಮೆ. ಅಕ್ಕಿ, ಬೇಳೆ, ತರಕಾರಿ, ಮೊಸರು ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲೇ ಸಿಗುತ್ತವೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ ಎಂಬುದು ಗೊತ್ತಿರಲಿ.

ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿಟ್ಟಿನ ದಿಢೀರ್ ಪೊಟ್ಟಣ ಒಯ್ಯಿರಿ. ತುಪ್ಪದ ಡಬ್ಬಿ, ಹಾಲಿನ ಸಿಹಿ, ಮಾಂಸದ ಪದಾರ್ಥ ಬೇಡ: ಯುರೋಪಿನ ಹೊರಗಿನಿಂದ ಹಾಲು, ಮಾಂಸದ ಉತ್ಪನ್ನ ತರಲು ನಾರ್ವೆಯಲ್ಲಿ ನಿಷೇಧ. ಆಲೂಗಡ್ಡೆಗೂ ಪ್ರವೇಶವಿಲ್ಲ. ನಲ್ಲಿ ನೀರು ನೇರ ಕುಡಿಯಬಹುದು, ಬಾಟಲಿ ಕೊಳ್ಳುವುದು ದಂಡ.

ವೀಸಾ, ವಿಮಾನ, ದುಡ್ಡು

ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್ ವಲಯದಲ್ಲಿದೆ. ಷೆಂಗೆನ್ ವೀಸಾ ಸಾಕು. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ತಡವಾಯಿತು ಎಂದೇ ಅರ್ಥ. ಹಲವು ದೇಶ ಸುತ್ತುವುದಾದರೆ ಹೆಚ್ಚು ದಿನ ಉಳಿಯುವ ದೇಶದ ಮೂಲಕ ಅರ್ಜಿ ಹಾಕಬೇಕು. ಟ್ರೊಮ್ಸೊದಿಂದ ಇನ್ನೂ ಉತ್ತರದ ಸ್ವಾಲ್‌ಬಾರ್ಡ್‌ಗೆ ಹೋಗುವ ಆಸೆಯಿದ್ದರೆ ಎರಡು ಸಲ ಪ್ರವೇಶಿಸಬಹುದಾದ ವೀಸಾ ಕೇಳಿ. 2008ರಿಂದ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ ಇರುವ ಆ ದ್ವೀಪಸಮೂಹ ಷೆಂಗೆನ್ ಹೊರಗಿದೆ.

ಬೆಂಗಳೂರಿನಿಂದ ಕೊಲ್ಲಿ ದೇಶ ಅಥವಾ ಯುರೋಪಿನ ಯಾವುದಾದರೂ ದೊಡ್ಡ ನಿಲ್ದಾಣದ ಮೂಲಕ ಓಸ್ಲೊ, ಅಲ್ಲಿಂದ ಎರಡು ಗಂಟೆಯೊಳಗೆ ಟ್ರೊಮ್ಸೊ. ವಿಮಾನ ನಿಲ್ದಾಣ ಪೇಟೆಗೆ ಹತ್ತಿರ, ಬಸ್ಸು ಸಾಕು. ಚಳಿಗಾಲದಲ್ಲಿ ಬಾಡಿಗೆ ಕಾರು ಓಡಿಸುವ ಸಾಹಸ ಬೇಡ ಎಂಬುದು ನಮ್ಮ ಸಲಹೆ. ಮಂಜುಗಡ್ಡೆಯ ರಸ್ತೆ, ಬಲಬದಿಯ ಸಂಚಾರ, ಕತ್ತಲು, ಅಡ್ಡಬರುವ ಸಾರಂಗ, ಎಲ್ಲ ಒಟ್ಟಿಗೆ ಕಲಿಯುವ ಜಾಗ ಅದಲ್ಲ.

ನಾರ್ವೆಯ ನಾಣ್ಯ ಕ್ರೋನ; ರೂಪಾಯಿ ಲೆಕ್ಕದಲ್ಲಿ ಅದರ ದರ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ. ಅರೋರಾ ಬಸ್ ಪ್ರವಾಸಕ್ಕೆ ತಲೆಗೆ ಸಾವಿರದಿಂದ ಎರಡು ಸಾವಿರ ಕ್ರೋನ, ನಾಯಿಗಾಡಿಗೆ ಎರಡು ಸಾವಿರದ ಆಸುಪಾಸು ಎಂದು ಇಟ್ಟುಕೊಳ್ಳಿ. ನಗದು ಬಹುತೇಕ ಬೇಡ, ಕಾಫಿಗೂ ಕಾರ್ಡ್ ನಡೆಯುತ್ತದೆ. ತುರ್ತಿಗೆ ಆಂಬುಲೆನ್ಸ್ 113, ಪೊಲೀಸ್ 112.

ಐದು ರಾತ್ರಿಯ ಮಾದರಿ (ಫೆಬ್ರವರಿ–ಮಾರ್ಚ್)

*ಮೊದಲ ದಿನ:* ಇಳಿದು ಬ್ರೊದ್ದೆರ್, ದಿನಸಿ ಕೊಂಡು ನಿದ್ದೆ. ಆಕಾಶ ತಿಳಿಯಿದ್ದರೆ ಪ್ರೆಸ್ಟ್‌ವಾನೆ ಕೆರೆ.
*ಎರಡನೆಯ ದಿನ:* ಸೇತುವೆ, ಕೆಥೆಡ್ರಲ್, ಕೇಬಲ್ ಕಾರ್. ರಾತ್ರಿ ಅರೋರಾ ಬಸ್.
*ಮೂರನೆಯ ದಿನ:* ತಡವಾಗಿ ಎದ್ದು ನಾಯಿಗಾಡಿ.
*ನಾಲ್ಕನೆಯ ದಿನ:* ಕ್ವಾಲೊಯದ ಫ್ಯೋರ್ಡ್‌ಗಳು ಅಥವಾ ಹಿಮಪಾದುಕೆ ನಡಿಗೆ. ಮೊದಲ ಬಸ್ಸಿನಲ್ಲಿ ಅರೋರಾ ಸಿಗದಿದ್ದರೆ ಎರಡನೆಯ ಯತ್ನ.
*ಐದನೆಯ ದಿನ:* ಸಾಮಿ ಶಿಬಿರ, ವಸ್ತುಸಂಗ್ರಹಾಲಯ. ರಾತ್ರಿ ಖಾಲಿ ಬಿಡಿ.

ಆ ಖಾಲಿ ರಾತ್ರಿಯೇ ಪ್ರವಾಸದ ವಿಮೆ. ಎಲ್ಲ ಗಂಟೆಗಳನ್ನೂ ತುಂಬಿಸಿ ಹೊರಟವರು ಮೋಡ ಕವಿದರೆ ಕೈಚೆಲ್ಲುತ್ತಾರೆ, ಒಂದು ರಾತ್ರಿ ಉಳಿಸಿಕೊಂಡವರಿಗೆ ಇನ್ನೊಂದು ಅವಕಾಶ ಇರುತ್ತದೆ. ಆದ್ದರಿಂದ ಕ್ಯಾಲೆಂಡರ್ ಮುಂದಿಟ್ಟು ಕೂತಾಗ ಮೊದಲು ತಿಂಗಳಿಗೆ ಗುರುತು ಹಾಕಿ, ಆಮೇಲೆ ವೀಸಾ, ಆಮೇಲೆ ಟಿಕೆಟ್. ಜಾಕೆಟ್ ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ; ಅದು ಬಾಡಿಗೆಗೂ ಸಿಗುತ್ತದೆ.